ಕಂಬದ ತುದಿಯ ಕರಿ ಡಬ್ಬ

ಕತ್ತರಿ ಅಕ್ಕನ ಪಾರ್ಲರಿಗೆ ಬರುವವರಲ್ಲಿ ಅರ್ಧ ಜನ ಕೂದಲಿಗಾಗಿ ಬಂದರೆ ಇನ್ನರ್ಧ ಜನ ಮಾತಿಗಾಗಿ ಬರುತ್ತಿದ್ದರು. ಎರಡು ಕುರ್ಚಿ, ಗೋಡೆಯುದ್ದದ ಕನ್ನಡಿ, ಮೂಲೆಯಲ್ಲಿ ತಲೆ ತೊಳೆಯುವ ಬೇಸಿನ್ನು, ಬಾಗಿಲ ಪಕ್ಕ ಅವಳ ಅಮ್ಮನ ಬೆತ್ತದ ಕುರ್ಚಿ. ಎಂಬತ್ತು ದಾಟಿದ ಅಮ್ಮ ಅಲ್ಲಿ ಕೂತು ಟವೆಲ್ ಮಡಚುತ್ತಾ ಬಂದವರ ಸುದ್ದಿಯನ್ನೆಲ್ಲ ಕಿವಿಗೆ ಹಾಕಿಕೊಳ್ಳುತ್ತಿದ್ದಳು. ಕೇಳಲಿ ಬಿಡಲಿ, ತನ್ನದೊಂದು ಮಾತು ಸೇರಿಸುತ್ತಿದ್ದಳು. ಆದರೆ ಯಾರಾದರೂ ಹಳೇ ಪ್ರವಾಹದ ಮಾತೆತ್ತಿದರೆ ಸಾಕು, ಬಾಯಿಗೆ ಬೀಗ. ಮಡಚಿಟ್ಟ ಟವೆಲ್ಲನ್ನೇ ಬಿಚ್ಚಿ ಮತ್ತೆ ಮಡಚಲು ಶುರು ಮಾಡುವಳು.

ಅಮ್ಮನ ಅಪ್ಪ, ಎಂದರೆ ಕತ್ತರಿ ಅಕ್ಕನ ತಾತ, ನದಿ ದಂಡೆಯ ನೂಲಿನ ಗಿರಣಿಯಲ್ಲಿ ಸೈರನ್ ಕೂಗಿಸುವ ಕೆಲಸದಲ್ಲಿದ್ದ. ಗಿರಣಿಯ ಪಾಳಿಗೂ ಅದೇ ಸೈರನ್, ನದಿ ಉಕ್ಕಿದರೆ ಊರಿಗೂ ಅದೇ ಸೈರನ್. ಅಮ್ಮ ಇನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಒಂದು ಭಾನುವಾರ ಮೇಲಿನ ಕಟ್ಟೆ ಒಡೆದು ನೀರು ಪೇಟೆ ಬೀದಿಗೆ ನುಗ್ಗಿತು. ಹನ್ನೊಂದು ಜನ ಸತ್ತರು. ಸೈರನ್ ಕೇಳಿಸಿತು ಎಂದವರು ಒಬ್ಬರೂ ಇರಲಿಲ್ಲ. "ಕೂಗಿಸಿದ್ದೀನಿ, ಕೈ ಬಿದ್ದುಹೋಗೋವರೆಗೂ ತಿರುಗಿಸಿದ್ದೀನಿ" ಎಂದು ತಾತ ಸಾಯುವ ತನಕ ಹೇಳಿದ. ಊರು ನಂಬಲಿಲ್ಲ. ಭಾನುವಾರ, ಗಿರಣಿಗೆ ರಜೆ, ಆಸಾಮಿ ಮಲಗಿಬಿಟ್ಟಿದ್ದ ಎಂದು ತೀರ್ಮಾನಿಸಿಬಿಟ್ಟಿತು. ಅಂದಿನಿಂದ ಅವನು ಗೊರಕೆ ತಾತ, ಅಮ್ಮ ಗೊರಕೆಯವನ ಮಗಳು. ಅವತ್ತು ಅಮ್ಮ ಗುಡ್ಡದಾಚೆ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಕಣ್ಣಾರೆ ಕಂಡಿದ್ದರೆ ಜಗಳವಾದರೂ ಆಡಬಹುದಿತ್ತು; ಅದೂ ಇಲ್ಲ.

ಈಗ ಆ ಮಾತನ್ನು ಪಾರ್ಲರಿಗೆ ಹೊತ್ತು ತಂದವರು ಟೀಚರಮ್ಮ. ನಿವೃತ್ತರಾದ ಮೇಲೆ ಈ ಊರಿಗೆ ಬಂದು ನೆಲೆಸಿದವರು, ಬಂದ ವರ್ಷಕ್ಕೇ ಪ್ರವಾಹ ಸ್ಮಾರಕ ಸಮಿತಿಗೆ ಅಧ್ಯಕ್ಷೆಯಾದವರು. ಕೂದಲಿನ ತುದಿ ಕತ್ತರಿಸಿಕೊಳ್ಳಲು ಕೂತವರು ಖುಷಿಯಿಂದ ಫೋನು ತೆಗೆದು, ಸ್ಮಾರಕದ ಕಲ್ಲಿನ ಮೇಲೆ ಕೆತ್ತಿಸಲಿರುವ ಸಾಲುಗಳನ್ನು ದೊಡ್ಡ ದನಿಯಲ್ಲಿ ಓದಿದರು. ಕೊನೆಯ ಸಾಲು: "ಎಚ್ಚರಿಕೆಯ ಸೈರನ್ ಕೂಗದ ಕಾರಣ ಪ್ರಾಣ ತೆತ್ತ ಹನ್ನೊಂದು ಮಂದಿಯ ನೆನಪಿಗೆ."

ಕತ್ತರಿ ಅಲ್ಲೇ ನಿಂತಿತು. ಕನ್ನಡಿಯಲ್ಲಿ ಅಮ್ಮನ ಕೈಯೊಳಗಿನ ಟವೆಲ್ ಮತ್ತೆ ಬಿಚ್ಚಿಕೊಳ್ಳುತ್ತಿತ್ತು.

"ಟೀಚರಮ್ಮ, ಸೈರನ್ ಕೆಲಸದಲ್ಲಿದ್ದಿದ್ದು ನಮ್ಮ ತಾತ. ಅಮ್ಮನ ಅಪ್ಪ."

ಟೀಚರಮ್ಮನ ಮುಖ ಚಿಕ್ಕದಾಯಿತು. "ಅಯ್ಯೋ, ನನಗೆ ಗೊತ್ತೇ ಇರ್ಲಿಲ್ಲ ಕಣಮ್ಮ. ಆದ್ರೆ ಆಗಿನ ಪತ್ರಿಕೆಲಿ ಹಾಗೇ ಬರೆದಿದಾರಲ್ಲ. ರಾಷ್ಟ್ರೀಯ ಗ್ರಂಥಾಲಯದೋರು ಹಳೇ ಪತ್ರಿಕೆ, ನಕ್ಷೆ, ಫೋಟೋ ಎಲ್ಲಾನೂ ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದಾರೆ. ನಾನು ಅಲ್ಲೇ ಓದಿದ್ದು. ಯಾರು ಬೇಕಾದ್ರೂ ನೋಡಬಹುದು. ಬೇರೇನಾದ್ರೂ ಸಿಕ್ಕಿದ್ರೆ ತಗೊಂಡು ಬಾ, ಆ ಸಾಲನ್ನ ನಾನೇ ಹೊಡೆದು ಹಾಕಿಸ್ತೀನಿ. ಮುಂದಿನ ಶನಿವಾರ ತಲೆಗೆ ಬಣ್ಣ ಹಾಕಿಸೋಕೆ ಬರ್ತೀನಲ್ಲ, ಅಲ್ಲೀವರೆಗೂ ಕೊನೇ ಸಾಲು ಮುಟ್ಟಬೇಡ ಅಂತ ಕಲ್ಲು ಕೆತ್ತೋನಿಗೆ ಹೇಳಿರ್ತೀನಿ."

ಅವರು ಹೋದ ಮೇಲೆ ಅಮ್ಮ ಹೇಳಿದ್ದು ಇಷ್ಟೇ. "ಹುಡುಕಬೇಡ ಕಣೆ."

"ಯಾಕಮ್ಮ? ಆ ಕಲ್ಲು ನಿಂತರೆ ನೀನು ಪೇಟೆಗೆ ಕಾಲಿಡ್ತೀಯಾ?"

"ಇಡಲ್ಲ. ಆದ್ರೂ ಹುಡುಕಬೇಡ. ಮಲಗಿದ್ದ ಅಂತಲೇ ಸಿಕ್ಕಿದ್ರೆ? ಈಗ ನಂಬಕ್ಕೂ ಜಾಗ ಇದೆ, ಬಿಡಕ್ಕೂ ಜಾಗ ಇದೆ. ಆಮೇಲೆ ಅದೂ ಇರಲ್ಲ."

ಕತ್ತರಿ ಅಕ್ಕ ಹೇಳಿದ ಮಾತು ಕೇಳುವವಳಾಗಿದ್ದರೆ ಆ ಹೆಸರು ಬರುತ್ತಿರಲಿಲ್ಲ; ಕೂದಲಿನಂತೆ ಬೇರೆಯವರ ಮಾತನ್ನೂ ನಡುವೆಯೇ ಕತ್ತರಿಸುವವಳು. ಬಿಡುವು ಸಿಕ್ಕಾಗಲೆಲ್ಲ ಶಾಂಪೂ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ಇಟ್ಟು ಕೂತಳು. ಗ್ರಂಥಾಲಯದ ವೆಬ್‌ಸೈಟಿನಲ್ಲಿ ತಾತನ ಹೆಸರು ಹಾಕಿದಳು. ಏನೂ ಇಲ್ಲ. ಗಿರಣಿ ಎಂದು ಹಾಕಿದಳು. ನೂಲಿನ ಜಾಹೀರಾತುಗಳು ರಾಶಿ ಬಿದ್ದವು. ಸೈರನ್ ಎಂದರೆ ಊರೂರಿನ ಸೈರನ್ನುಗಳು, ಪ್ರವಾಹ ಎಂದರೆ ದೇಶದ ನೀರೆಲ್ಲ. ಟೀಚರಮ್ಮ ಓದಿದ್ದ ಸುದ್ದಿಯೊಂದು ಸಿಕ್ಕಿತು. ಅದರಲ್ಲಿ ತಾತನ ಹೆಸರೂ ಇರಲಿಲ್ಲ, "ಗಿರಣಿಯ ಸೈರನ್ ಕೂಗಲಿಲ್ಲವೆಂದು ಜನ ದೂರುತ್ತಾರೆ" ಎಂಬ ಒಂದೇ ಒಂದು ಸಾಲು. ಜನ ದೂರುತ್ತಾರಂತೆ! ದೂರುವುದಕ್ಕೆ ಜನಕ್ಕೆ ಹೇಳಿಕೊಡಬೇಕೇ ಎಂದು ಅವಳು ಲ್ಯಾಪ್‌ಟಾಪಿಗೇ ಬೈದಳು.

ಕೊನೆಗೆ ಗ್ರಂಥಾಲಯದ ಸಹಾಯವಾಣಿಗೇ ಫೋನು ಹಚ್ಚಿದಳು. ಎತ್ತಿಕೊಂಡದ್ದು ನಿಧಾನವಾಗಿ ಮಾತಾಡುವ ಹೆಂಗಸು. ಕತ್ತರಿ ಅಕ್ಕ ತಾತನ ಕತೆಯನ್ನು ಹುಟ್ಟಿನಿಂದ ಶುರು ಮಾಡಿದಳು. ಆಕೆ ಎಲ್ಲಿಯೂ ಅಡ್ಡ ಬರದೆ ಪೂರ್ತಿ ಕೇಳಿ, "ನೀವು ಒಬ್ಬ ಮನುಷ್ಯನನ್ನ ಹುಡುಕ್ತಾ ಇದೀರಿ ಮೇಡಂ" ಅಂದಳು. "ಕೂಲಿ ಮಾಡೋರ ಹೆಸರನ್ನ ಆಗ ಯಾರು ಬರೀತಿದ್ರು? ಮನುಷ್ಯನ್ನ ಬಿಡಿ. ಅವತ್ತು ಆ ಬೀದಿಲಿ ಇನ್ನೇನಾದ್ರೂ ನಡೀತಾ? ಮದುವೆ, ಮೆರವಣಿಗೆ, ಸಂತೆ? ತಾರೀಕು ಹಾಕಿ, ಅದನ್ನ ಹುಡುಕಿ. ಬೇರೆ ಯಾವುದಕ್ಕೋ ತೆಗೆದ ಫೋಟೋದಲ್ಲಿ ನಮಗೆ ಬೇಕಾದ್ದು ಕೂತಿರುತ್ತೆ. ನನಗೆ ನಮ್ಮಜ್ಜಿ ಸಿಕ್ಕಿದ್ದು ಬಸ್ ಕಂಪನಿ ಕ್ಯಾಲೆಂಡರ್‌ನಲ್ಲಿ."

ತಾರೀಕು ಹಾಕಿದರೆ ಸಿಕ್ಕಿದ್ದು ಸೈಕಲ್ ರೇಸು. ಪ್ರವಾಹ ಬಂದ ಅದೇ ಭಾನುವಾರ, ಪೇಟೆ ಬೀದಿಯಿಂದ ಹೊರಟ ರೇಸು. ಪತ್ರಿಕೆಯ ಫೋಟೋಗ್ರಾಫರ್ ಒಬ್ಬ ಮಹಡಿ ಹತ್ತಿ ತೆಗೆದ ದೊಡ್ಡ ಚಿತ್ರ. ಅಡಿಯಲ್ಲಿ ರೇಸಿನ ಹೆಸರು, ತಾರೀಕು. ಬೀದಿ ಇನ್ನೂ ಒಣಗಿಯೇ ಇದೆ. ಎರಡೂ ಬದಿಯಲ್ಲಿ ಜನವೋ ಜನ. ಗ್ರಂಥಾಲಯದವರು ಎಷ್ಟು ಚೆನ್ನಾಗಿ ಸ್ಕ್ಯಾನ್ ಮಾಡಿದ್ದರೆಂದರೆ, ಹಿಗ್ಗಿಸುತ್ತ ಹೋದರೆ ಅಂಗಿಯ ಗುಂಡಿಯೂ ಕಾಣುತ್ತಿತ್ತು. ಕತ್ತರಿ ಅಕ್ಕ ಬಿಡುವಿದ್ದಾಗಲೆಲ್ಲ ತಾತನನ್ನು ಹುಡುಕಿದಳು. ಹುಡುಕಿದ್ದು ಹೇಗೆ? ತನಗೆ ಗೊತ್ತಿರುವ ಹಾಗೆ, ತಲೆಯಿಂದ ತಲೆಗೆ. ಎಡ ಬೈತಲೆ, ಬಲ ಬೈತಲೆ, ಎಣ್ಣೆ ಕುಡಿದ ಕ್ರಾಪು, ಆಗಷ್ಟೇ ಬೋಳಾಗುತ್ತಿದ್ದ ನೆತ್ತಿ. ತಾತನದು ಗುಂಗುರು ಕೂದಲಂತೆ. ಗುಂಗುರಿನವರು ನಾಲ್ವರು ಸಿಕ್ಕರು. ಯಾರ ಮುಖದಲ್ಲೂ ಅಮ್ಮನ ಹೋಲಿಕೆ ಇರಲಿಲ್ಲ; ಯಾರೂ ತಾತನಲ್ಲ.

ಶನಿವಾರ ಟೀಚರಮ್ಮ ಬಂದರು. ತಲೆಗೆ ಪೂರ್ತಿ ಬಣ್ಣ ಮೆತ್ತಿ, ಕೊರಳಿಗೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿದ ಮೇಲೆ ಮೆಲ್ಲಗೆ ಕೇಳಿದರು, "ಏನೂ ಸಿಗಲಿಲ್ವೇನಮ್ಮ?"

"ಅವತ್ತಿಂದೇ ಫೋಟೋ ಸಿಕ್ತು ಟೀಚರಮ್ಮ. ಅದರಲ್ಲಿರೋ ತಲೆಗಳಿಗೆಲ್ಲ ನಾನು ಕ್ಷೌರ ಮಾಡಿದ್ರೆ ಮೂರು ಮಹಡಿ ಕಟ್ಟಿಸಬಹುದಿತ್ತು. ಎಲ್ಲಾ ನೋಡಿದೆ. ತಾತ ಇಲ್ಲ." ಅವಳು ಲ್ಯಾಪ್‌ಟಾಪನ್ನು ಕನ್ನಡಿಯ ಕೆಳಗಿನ ಕಟ್ಟೆಯ ಮೇಲಿಟ್ಟಳು.

ಬಾಗಿಲ ಕಡೆಯಿಂದ ದನಿ ಬಂತು. "ಅಲ್ವೇ, ನಮ್ಮಪ್ಪ ಜನದ ಮಧ್ಯೆ ಯಾಕೆ ನಿಂತಿರ್ತಾನೆ?"

ಇಬ್ಬರೂ ತಿರುಗಿದರು. ವಾರವಿಡೀ ಆ ಲ್ಯಾಪ್‌ಟಾಪಿನ ಕಡೆ ಕಣ್ಣೆತ್ತಿ ನೋಡದಿದ್ದ ಅಮ್ಮ ಟವೆಲ್ ಬದಿಗಿಟ್ಟು ಎದ್ದಿದ್ದಳು. "ಸೈರನ್ ಇದ್ದಿದ್ದು ಗಿರಣಿ ಛಾವಣಿ ಮೇಲೆ. ಬೀದಿ ಕೊನೇಲಿ ಉದ್ದನೇ ಛಾವಣಿ ಕಾಣುತ್ತಾ? ನೀನು ತಲೆ ಹುಡುಕ್ತಾ ಕೂತ್ರೆ ಏನು ಸಿಗುತ್ತೆ? ಮೇಲೆ ಹೋಗು."

ಕತ್ತರಿ ಅಕ್ಕ ನಾಲಿಗೆ ಕಚ್ಚಿಕೊಂಡು ಚಿತ್ರವನ್ನು ಮೇಲಕ್ಕೆ ಸರಿಸಿದಳು. ಜನ, ತೋರಣ, ಅಂಗಡಿ ಬೋರ್ಡು, ಆಮೇಲೆ ದೂರದಲ್ಲಿ ಗಿರಣಿಯ ಛಾವಣಿ. ಅದರ ಮೇಲೊಂದು ಪುಟ್ಟ ಮರದ ಗೂಡು, ಗೂಡಿನ ಪಕ್ಕ ಒಂದು ಕಂಬ.

"ಅದೇ ಗೂಡು," ಅಂದಳು ಅಮ್ಮ. "ಅದರೊಳಗೆ ಸೈರನ್. ಕೈಯಲ್ಲಿ ಹಿಡಿ ತಿರುಗಿಸಬೇಕಿತ್ತು. ದೂರ ಇರೋರಿಗೆ, ಕಿವಿ ಕೇಳದೋರಿಗೆ ಗೊತ್ತಾಗಲಿ ಅಂತ ಕಂಬಕ್ಕೊಂದು ಕರಿ ತಗಡಿನ ಡಬ್ಬ ಕಟ್ಟಿದ್ರು. ಡಬ್ಬದ ಹಗ್ಗ ಆ ಹಿಡಿಗೇ ಸುತ್ತಿಕೊಳ್ಳೋದು. ತಿರುಗಿಸ್ತಾ ತಿರುಗಿಸ್ತಾ ಸೈರನ್ನೂ ಕೂಗೋದು, ಡಬ್ಬವೂ ಮೇಲಕ್ಕೆ ಹೋಗೋದು. ಕೈ ಬಿಟ್ಟರೆ ಡಬ್ಬ ಸರ್ರಂತ ಕೆಳಗೆ. ಎಷ್ಟು ಸಲ ಅಪ್ಪನ ಜೊತೆ ಹೋಗಿ ನೋಡಿದ್ದೀನಿ." ಅವಳು ಮಗಳ ತೋಳು ಹಿಡಿದುಕೊಂಡಳು. "ಕಂಬದ ತುದಿ ತೋರಿಸು. ತಾಳು, ತಾಳು. ಮೊದಲು ನೀನು ನೋಡು. ಖಾಲಿ ಇದ್ರೆ ನನಗೆ ಹೇಳಬೇಡ." ಹೇಳಿ ಕಣ್ಣು ಮುಚ್ಚಿಕೊಂಡಳು.

ಕತ್ತರಿ ಅಕ್ಕ ಮುಂದಕ್ಕೆ ಬಗ್ಗಿದಳು. ಹಿಗ್ಗಿಸಿದಳು. ಚಿತ್ರ ಒಂದು ಗಳಿಗೆ ಮಸುಕಾಗಿ, ಚೌಕ ಚೌಕವಾಗಿ ತೆರೆದುಕೊಂಡಿತು. ಕಂಬದ ಬುಡ. ಕಂಬದ ನಡು. ತುದಿ.

ತುದಿಯಲ್ಲಿ ಡಬ್ಬವಿತ್ತು. ಕರಿಯದು, ದುಂಡಗಿನದು, ಆಕಾಶಕ್ಕೆ ಮೊಳೆ ಹೊಡೆದಂತೆ.

"ಅಮ್ಮ," ಅಂದಳು. ಅಷ್ಟರಲ್ಲಿ ಟೀಚರಮ್ಮನೇ ಹೊದಿಕೆಯ ಸಮೇತ ಎದ್ದು ಬಗ್ಗಿ ನೋಡಿ, "ಮೇಲಿದೆ ಕಣ್ರೀ! ತುತ್ತತುದೀಲಿದೆ! ಕಣ್ಣು ಬಿಡಿ ಅಮ್ಮ, ಕಣ್ಣು ಬಿಡಿ!" ಎಂದು ಕೂಗಿದರು.

ಅಮ್ಮ ಕಣ್ಣು ಬಿಟ್ಟಳು. ಬಹಳ ಹೊತ್ತು ನೋಡಿದಳು. ಗಾಜಿನ ಮೇಲೆ ಬೆರಳಿಟ್ಟಳು. ಡಬ್ಬದ ಮೇಲಲ್ಲ, ಪಕ್ಕದ ಗೂಡಿನ ಮೇಲೆ.

"ಇದರೊಳಗಿದಾನೆ," ಅಂದಳು. "ಈ ಫೋಟೋ ತೆಗೆಯೋವಾಗ ನಮ್ಮಪ್ಪ ಇದರೊಳಗೆ ನಿಂತು ತಿರುಗಿಸ್ತಾ ಇದಾನೆ."

ಕತ್ತರಿ ಅಕ್ಕನಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು.

"ಭಾನುವಾರ ಪಾಳಿ ಇಲ್ಲ, ಕೂಗಿದ್ದು ನೀರಿಗೇ. ಹಾಗಾದ್ರೆ ಯಾರಿಗೂ ಯಾಕೆ ಕೇಳಲಿಲ್ಲ?" ಟೀಚರಮ್ಮ ಅಧ್ಯಕ್ಷೆಯಾಗಿಯೇ ಕೇಳಿದರು, ಕೇಳಬೇಕಾದದ್ದೇ.

ಅದಕ್ಕೆ ಉತ್ತರ ಕತ್ತರಿ ಅಕ್ಕನ ಬಳಿ ಇತ್ತು. ವಾರವಿಡೀ ಆ ತಲೆಗಳೊಂದಿಗೆ ಬದುಕಿದವಳಲ್ಲವೇ. ಚಿತ್ರವನ್ನು ಕೆಳಗಿಳಿಸಿ ಮುಂದಿನ ಸಾಲು ತೋರಿಸಿದಳು. "ಈ ಬ್ಯಾಂಡಿನೋರ ಕೆನ್ನೆ ನೋಡಿ, ಬಲೂನು! ಈ ಕಡೆ ಡೋಲು. ತೋರಣ ಎಲ್ಲಾ ಗಿರಣಿ ಕಡೆ ಹಾರ್ತಿದೆ, ಅಂದ್ರೆ ಗಾಳಿ ಪೇಟೆಯಿಂದ ಆಚೆಗೆ, ಸೈರನ್ ಸದ್ದೂ ಆಚೆಗೇ. ಇನ್ನು ಡಬ್ಬ ಅಂತೀರಾ, ಒಂದೇ ಒಂದು ತಲೆ ಮೇಲೆ ಎದ್ದಿಲ್ಲ ಟೀಚರಮ್ಮ. ಅಷ್ಟೂ ಜನ ಸೈಕಲ್ ಕಡೇನೇ ಕತ್ತು ಚಾಚಿದಾರೆ. ನಾನೂ ಹಾಗೇ ತಲೆ ನೋಡ್ತಾ ಕೂತಿದ್ದೆ."

ಟೀಚರಮ್ಮ ಫೋನು ತೆಗೆದು ಅಲ್ಲೇ ಕಲ್ಲು ಕೆತ್ತುವವನನ್ನು ಹಿಡಿದರು. "ಕೊನೇ ಸಾಲು ಮುಟ್ಟಿಲ್ಲ ತಾನೇ? ಸದ್ಯ! ಇನ್ನು ಮುಟ್ಟೋದೇ ಬೇಡ. ಏನು ಹಾಕೋದು ಅಂತೀಯಾ, ತಾಳು." ಫೋನಿಗೆ ಕೈ ಅಡ್ಡ ಹಿಡಿದು ಅಮ್ಮನ ಕಡೆ ತಿರುಗಿದರು. "ನೀವೇ ಹೇಳಿ."

ಅಮ್ಮ ಯೋಚಿಸಿದಳು. "ಹನ್ನೊಂದು ಜನದ ಹೆಸರು ಹಾಕಿ. ಸತ್ತೋರು ಅವರು. ಬೇಕಿದ್ರೆ ಕೆಳಗೆ, ಸೈರನ್ ಕೂಗಿತ್ತು, ಗದ್ದಲದಲ್ಲಿ ಕೇಳಲಿಲ್ಲ ಅಂತ ಹಾಕಿ. ಕೇಳದೇ ಇದ್ದಿದ್ದು ಅವರ ತಪ್ಪೂ ಅಲ್ಲ."

ಟೀಚರಮ್ಮ ಅಷ್ಟನ್ನೂ ಅಕ್ಷರ ಬಿಡದಂತೆ ಫೋನಿನಲ್ಲಿ ಹೇಳಿದರು, ಅವನ ಬಾಯಿಂದಲೂ ಎರಡು ಸಲ ಹೇಳಿಸಿದರು. ಫೋನು ಇಟ್ಟ ಮೇಲೆ ನೆತ್ತಿ ಕೆರೆದುಕೊಂಡು, "ಏನೋ ಉರೀತಿದೆಯಲ್ಲಮ್ಮ" ಅಂದರು.

"ಅಯ್ಯೋ, ಬಣ್ಣ!" ಕತ್ತರಿ ಅಕ್ಕ ಅವರನ್ನು ಬೇಸಿನ್ನಿಗೆ ಎಳೆದೊಯ್ದಳು. ತೊಳೆದು ಒರೆಸಿದರೆ ಕೂದಲು ಕಾಗೆಯ ರೆಕ್ಕೆಗಿಂತ ಕಪ್ಪು. ಟೀಚರಮ್ಮ ಕನ್ನಡಿ ನೋಡಿ, "ಇರಲಿ ಬಿಡು, ಸ್ಮಾರಕದ ಹತ್ತಿರ ಬಂದೋರು ನನ್ನನ್ನ ಹೊಸ ಮದುಮಗಳು ಅಂದ್ಕೋತಾರೆ" ಎಂದು ತಾವೇ ನಕ್ಕುಬಿಟ್ಟರು.

ಅಮ್ಮ ನಗಲಿಲ್ಲ. ಅವಳು ಟೀಚರಮ್ಮನ ಖಾಲಿ ಕುರ್ಚಿಯಲ್ಲಿ ಕೂತು ಇನ್ನೂ ಆ ಗೂಡನ್ನೇ ನೋಡುತ್ತಿದ್ದಳು. "ನಾನು ಚಿಕ್ಕಮ್ಮನ ಮನೆಯಿಂದ ವಾಪಸ್ ಬಂದಾಗ ಅಪ್ಪನ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು," ಅಂದಳು. "ಅಮ್ಮನೇ ತುತ್ತು ಮಾಡಿ ತಿನ್ನಿಸ್ತಿದ್ಲು. ನೀರಲ್ಲಿ ಏನೋ ತಗುಲಿರಬೇಕು ಅಂದ್ಕೊಂಡಿದ್ದೆ. ಬೊಬ್ಬೆ ಕಣೆ ಅದು. ತಿರುಗಿಸಿ ತಿರುಗಿಸಿ ಬಂದ ಬೊಬ್ಬೆ."

ಕತ್ತರಿ ಅಕ್ಕ ಒದ್ದೆ ಕೈಯಲ್ಲೇ ಹೋಗಿ ಅಮ್ಮನ ಹೆಗಲ ಮೇಲೆ ಕೈಯಿಟ್ಟಳು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಉಸಿರು ಬಿಟ್ಟಳು. ಆಮೇಲೆ ತಾನೇ ಕೈ ಮುಂದೆ ಮಾಡಿ, ಮಗಳು ಮಾಡುತ್ತಿದ್ದಂತೆ ಬೆರಳಿನಿಂದ ಚಿತ್ರವನ್ನು ಕೆಳಕ್ಕೆ ಎಳೆಯಲು ನೋಡಿದಳು. ಬರಲಿಲ್ಲ.

"ಜನದ ಹತ್ರ ಕರ್ಕೊಂಡು ಹೋಗೆ," ಅಂದಳು. ಮಗಳು ಚಿತ್ರ ಇಳಿಸುತ್ತಿದ್ದಂತೆ ಬೆರಳು ತೋರಿಸಿದಳು. "ಈ ಮೂಲೇಲಿರೋಳು ನಮ್ಮ ಎದುರುಮನೆ ದೊಡ್ಡಮ್ಮ ಇದ್ದ ಹಾಗಿದಾಳೆ. ಹೌದು, ಅವಳೇ! ಮೂಗುತಿ ನೋಡು. ನನ್ನ ಕಂಡಾಗಲೆಲ್ಲ ಗೊರಕೆ ಹೊಡೆದು ತೋರಿಸೋಳು ಮುದುಕಿ. ಏನು ಲಕ್ಷಣವಾಗಿದ್ಲು ನೋಡು, ಪಾಪ. ಪಕ್ಕದಲ್ಲಿ ಯಾರು? ಇನ್ನೂ ದೊಡ್ಡದು ಮಾಡು, ಎಲ್ಲರನ್ನೂ ನೋಡಬೇಕು ನಾನು."