ಮ್ಯಾನೇಜರನ್ನ ಕರೀರಿ

ಚಳಿಗಾಲ ಆಗತಾನೇ ಕಾಲಿಟ್ಟಿತ್ತು. ಬೆಳಗಿನ ಹಾಲು ಇನ್ನೂ ಬಂದಿರಲಿಲ್ಲ. ಅಕ್ಕ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, ಹಿಂದಿನ ಸಂಜೆ ತಂದ ಹೊಸ ಹಲ್ಲಿನ ಸೆಟ್ಟನ್ನು ಲೋಟದ ನೀರಿನಿಂದ ತೆಗೆದು ಬಾಯಿಗೆ ಹಾಕಿಕೊಂಡಳು. ತುಟಿ ಮುಚ್ಚಲು ನೋಡಿದಳು, ಮುಚ್ಚಲಿಲ್ಲ. ಕೈಯಿಂದ ಮೇಲ್ತುಟಿಯನ್ನು ಕೆಳಕ್ಕೆ ಎಳೆದಳು. ಬಿಟ್ಟ ಕೂಡಲೇ ಅದು ಮತ್ತೆ ಮೇಲೇರಿತು.

"ಯಾರೋ ಬಾಡಿಗೆಗೆ ಬಂದು ಬಾಯಲ್ಲಿ ಕೂತ ಹಾಗಿದೆ ಕಣೇ," ಅಂದಳು.

ಅಕ್ಕನಿಗೆ ಹಲ್ಲು ಬೇಕಾಗಿದ್ದದ್ದು ಚಂದಕ್ಕಲ್ಲ. ಗಟ್ಟಿ ಪದಾರ್ಥವೆಂದರೆ ಅವಳಿಗೆ ಪ್ರಾಣ. ಚಿಕ್ಕವಳಿದ್ದಾಗ ನನ್ನ ಪಾಲಿನ ಬ್ರೆಡ್ಡಿನ ಕರಕು ಅಂಚನ್ನೂ ಕಿತ್ತುಕೊಂಡು ತಿನ್ನುತ್ತಿದ್ದಳು. ಹುರಿದ ಕಡಲೆಬೀಜ ಕಂಡರಂತೂ ಡಬ್ಬಿ ಖಾಲಿ. ಇದ್ದಬದ್ದ ಹಲ್ಲನ್ನೆಲ್ಲ ಕೀಳಿಸಿಕೊಂಡ ಮೇಲೆ ಕಲಸಿದ್ದು, ನೆನೆಸಿದ್ದು ನುಂಗಿಕೊಂಡು ಹೊಸ ಹಲ್ಲಿಗೆ ಕಾದಿದ್ದಳು. ಹಲ್ಲು ಬಂದ ಮೇಲೂ ಅದೇ ನೆನೆಸಿದ ಬ್ರೆಡ್ಡು. ಅಗಿಯಲು ಹೋದರೆ ಒಸಡು ಕೊಯ್ದು ಉಪ್ಪುಪ್ಪು ರಕ್ತ. ಮೊದಲೇ ಹಿಡಿಯಷ್ಟಿದ್ದ ಹೆಂಗಸು. ದಿನದಿನಕ್ಕೆ ಬಳೆ ಮೊಣಕೈ ಕಡೆಗೆ ಜಾರತೊಡಗಿತು.

ನಮ್ಮ ಮನೆಯಲ್ಲಿ ದೂರು ಹೇಳುವುದು ಅಕ್ಕನ ಅಳಿಯನ ಇಲಾಖೆ. ನಾವಿಬ್ಬರೂ ಒಳಗೊಳಗೇ ಅವನನ್ನು 'ಕರೀರಿ' ಎನ್ನುತ್ತಿದ್ದೆವು. ಯಾವ ಹೋಟೆಲಿಗೆ ಹೋದರೂ ಕುರ್ಚಿ ಬಿಸಿಯಾಗುವ ಮೊದಲೇ "ಮ್ಯಾನೇಜರನ್ನ ಕರೀರಿ" ಅನ್ನುವವನು. ಟೀ ಮೇಲೆ ಕೆನೆ ಕಟ್ಟಿದರೆ ಕರೀರಿ, ಕಟ್ಟದಿದ್ದರೆ ಹಾಲಿಗೆ ನೀರು ಹಾಕಿದ್ದೀರಿ, ಕರೀರಿ. ಒಮ್ಮೆ ಮೇಜು ಒರೆಸುವ ವಯಸ್ಸಾದ ಹೆಂಗಸನ್ನು, ಒರೆಸಿದ ಬಟ್ಟೆಯ ಬಣ್ಣ ಸರಿಯಿಲ್ಲವೆಂದು ಅಳಿಸಿಬಿಟ್ಟ. ಆಮೇಲೆ ಎದೆ ಉಬ್ಬಿಸಿಕೊಂಡು, "ನಾವು ಬಾಯಿ ಬಿಡದಿದ್ರೆ ಇವರೆಲ್ಲ ಸರಿಹೋಗಲ್ಲ ಅತ್ತೆ," ಅಂದ.

ಅಂಥವನು ಇದ್ದಾನೆಂದೇ ನಾವು ಧೈರ್ಯವಾಗಿದ್ದೆವು.

ಹಲ್ಲಿನ ಡಾಕ್ಟರ ಬಾಗಿಲು ಗಾಜಿನದು. ಒಳಗೆ ತಣ್ಣಗೆ, ನಡುವೆ ಆಳೆತ್ತರದ ಮೀನಿನ ತೊಟ್ಟಿ. ಆ ಬಾಗಿಲು ದಾಟಿದೊಡನೆ ಕರೀರಿಯ ಬೆನ್ನು ತಾನಾಗಿ ಬಾಗಿತು. ಡಾಕ್ಟರು ಅಕ್ಕನ ಬಾಯಿಗೆ ಎರಡು ಬೆರಳು ತುರುಕಿ, "ಹೇಗಿದೆ ಅಮ್ಮ?" ಅಂದರು. ಬೆರಳಿರುವ ಬಾಯಿ ಏನು ಹೇಳೀತು? ಅಕ್ಕ "ಆ... ಆ..." ಅಂದಳು.

"ಗುಡ್. ಅಭ್ಯಾಸ ಆಗುತ್ತೆ," ಎಂದು ಡಾಕ್ಟರು ಕೈ ತೊಳೆದುಕೊಂಡರು.

ಹೊರಗೆ ಬಂದ ಮೇಲೆ ನಾನು ಅಳಿಯನ ಮುಖ ನೋಡಿದೆ.

"ಎಲ್ಲಕ್ಕೂ ಒಂದು ಟೈಮ್ ಅಂತ ಇರುತ್ತೆ ಚಿಕ್ಕತ್ತೆ," ಅಂದ. "ಇವತ್ತು ಡಾಕ್ಟರು ಖುಷಿಯಾಗಿದ್ರು. ಮೂಡ್ ಹಾಳುಮಾಡೋದು ಯಾಕೆ?"

ಮುಂದಿನ ಸಲ ಹೋದಾಗ, "ಇವತ್ತು ಸಿಟ್ಟಲ್ಲಿದಾರೆ, ಬೇಡ," ಅಂದ. ಅದರ ಮುಂದಿನ ಸಲ, "ಪಾಪ, ಸುಸ್ತಾಗಿದಾರೆ." ಖುಷಿ, ಸಿಟ್ಟು, ಸುಸ್ತು ಯಾವುದೂ ಇಲ್ಲದ ಮನುಷ್ಯನನ್ನು ಹೆಣವೆನ್ನುತ್ತಾರೆ. ಹಾಗಂತ ನಾನು ಬಾಯಿಬಿಟ್ಟು ಹೇಳಲಿಲ್ಲ. ಅಕ್ಕನ ಮಗಳಿಗೆ ಗಂಡನ ಮೇಲೆ ನಂಬಿಕೆಯಿತ್ತು. ಅದನ್ನು ನಾನೇಕೆ ಕೆಡಿಸಲಿ?

ಕೊನೆಗೆ ಒಂದು ಬೆಳಿಗ್ಗೆ ಅಕ್ಕ ಬಚ್ಚಲಿಂದ ಬರುವಾಗ ಕಣ್ಣು ಕತ್ತಲೆಗಟ್ಟಿ ಬಾಗಿಲಿಗೆ ಒರಗಿಬಿಟ್ಟಳು. ನಾನು ಅವಳ ಕೈಹಿಡಿದು ಕ್ಲಿನಿಕ್ಕಿಗೆ ನಡೆಸಿಕೊಂಡು ಹೋದೆ. ಕರೀರಿ ಹಿಂದೆಯೇ ಓಡಿಬಂದು, "ನೀವು ಮಾತಾಡ್ಬೇಡಿ, ನಾನು ನೋಡ್ಕೋತೀನಿ," ಅಂದ. ನೇರ ಒಳಗೆ ಹೋಗಿ ಡಾಕ್ಟರ ಹೊಸ ಕಾರಿನ ವಿಷಯ ತೆಗೆದ. ನಗು ಹೊರಗಿನವರೆಗೆ ಕೇಳುತ್ತಿತ್ತು.

ನಮ್ಮ ಪಕ್ಕದ ಬೆಂಚಿನಲ್ಲಿ ಒಬ್ಬರು ಕೂತಿದ್ದರು. ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು, ಬಾಗಿಲಿನಷ್ಟು ಅಗಲದ ಆಳು. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಿದ್ದರು. ಮಾತಿಗೆ ಮೊದಲು ಬಾಯೊಳಗೆ ಕಟಕಟ ಸದ್ದಾಗುತ್ತಿತ್ತು.

"ನನಗೆ ಇವರು ಎಳೇ ಮಗೂದು ಕೊಟ್ಟಿದಾರೆ ತಾಯಿ," ಅಂದರು. "ಒಂದು ಕಡೆ ನಿಲ್ಲಲ್ಲ, ಬಾಯಿ ತುಂಬಾ ಓಡಾಡುತ್ತೆ. ಮೊನ್ನೆ ಸೀನಿದಾಗ ಸೊಸೆ ಮಡಿಲಿಗೆ ಹೋಗಿ ಬಿತ್ತು."

"ಡಾಕ್ಟರಿಗೆ ಹೇಳಲಿಲ್ವಾ?" ಅಂದೆ.

"ಓದಿದೋರು. ಅಭ್ಯಾಸ ಆಗುತ್ತೆ ಅಂದ್ರು. ನನ್ನ ಬಾಯೇ ಸರಿಯಿಲ್ಲವೇನೋ ಅಂದ್ಕೊಂಡೆ."

ಅಕ್ಕ ಅವರ ಬಾಯನ್ನೇ ನೋಡಿದಳು. ಅವರು ಅಕ್ಕನ ಮುಚ್ಚದ ತುಟಿ ನೋಡಿದರು. "ನಿಮಗೆ ಯಾವತ್ತು ಕೊಟ್ರು?" ಎಂದು ಅಕ್ಕ ಕೇಳಿದಳು. ಅದೇ ಸಂಜೆ, ಅದೇ ಡಾಕ್ಟರು, ಕಿವಿಗೆ ಫೋನು ಒತ್ತಿಕೊಂಡೇ ಕೊಟ್ಟಿದ್ದು. ಅಕ್ಕ ಸೆರಗು ಅಡ್ಡ ಮಾಡಿ ತನ್ನದನ್ನು ತೆಗೆದಳು. ಅವರೂ ತೆಗೆದರು. ಕರವಸ್ತ್ರದ ಮೇಲೆ ಎರಡೂ ಸೆಟ್ಟು ಪಕ್ಕಪಕ್ಕ ಕೂತವು, ಅಪ್ಪನೂ ಮಗಳೂ ಕೂತ ಹಾಗೆ.

ಕರವಸ್ತ್ರವನ್ನು ಹಾಗೇ ಎತ್ತಿಕೊಂಡು ಮೂವರೂ ಒಳಗೆ ಹೋದೆವು. ಡಾಕ್ಟರು ನೋಡಿದರು. ಕೆಂಪಾಗುತ್ತಾರೆ ಅಂದುಕೊಂಡೆ, ಆಗಲಿಲ್ಲ.

"ಓಹೋ. ಅದಲು ಬದಲಾಗಿದೆ. ಏನೂ ತೊಂದರೆ ಇಲ್ಲ, ತೊಳೆದು ಕೊಡ್ತೀನಿ, ನೀವು ನೀವೇ ಬದಲಾಯಿಸ್ಕೊಳ್ಳಿ."

"ನೋಡಿದ್ರಾ ಅತ್ತೆ, ಎಷ್ಟು ಸುಲಭವಾಗಿ ಬಗೆಹರೀತು!" ಎಂದ ಕರೀರಿ. "ಥ್ಯಾಂಕ್ಸ್ ಹೇಳಿ ಡಾಕ್ಟರಿಗೆ."

ಅಕ್ಕ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹಲ್ಲಿಲ್ಲದ ಬಾಯಲ್ಲಿ, ಉಗುಳು ಸಿಡಿಯುವ ಹಾಗೆ, ಆದರೆ ಒಂದೊಂದಕ್ಷರವೂ ಕೇಳುವ ಹಾಗೆ ಹೇಳಿದಳು:

"ಮ್ಯಾನೇಜರನ್ನ ಕರೀರಿ."

"ಅತ್ತೆ!" ಅಂದ. "ಇದೇನು ಹೋಟೆಲ್ಲಾ?"

"ಇಲ್ಲಿಗೆ ನಾನೇ ಎಲ್ಲ," ಎಂದರು ಡಾಕ್ಟರು.

"ಹಾಗಾದ್ರೆ ಹೊಸದು ಮಾಡ್ಕೊಡಿ," ಅಂದಳು ಅಕ್ಕ. "ಎಂಜಲು ಬೇಡ ನನಗೆ. ಅವರಿಗೂ ಬೇಡ."

"ಅದೆಲ್ಲ ಆಗಲ್ಲಮ್ಮ."

"ಆಗೋವರೆಗೂ ಹೊರಗೆ ಕೂತಿರ್ತೀವಿ ಬಿಡಿ," ಎಂದರು ಕಂಡಕ್ಟರು.

ಇಬ್ಬರೂ ಗಾಜಿನ ಬಾಗಿಲಿಗೆ ಎದುರಾಗಿ ಕೂತರು. ಕರವಸ್ತ್ರವನ್ನು ನಡುವೆ ಬಿಡಿಸಿಟ್ಟರು. ಯಾರು ಒಳಗೆ ಬಂದರೂ ಇಬ್ಬರೂ ಒಟ್ಟಿಗೆ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದರು. "ಬನ್ನಿ ಬನ್ನಿ, ಮುಂದೆ ಬನ್ನಿ, ಜಾಗ ಇದೆ," ಎಂದು ಕಂಡಕ್ಟರು ಹಳೇ ರಾಗದಲ್ಲಿ ಕೂಗುತ್ತಿದ್ದರು. ಬಂದ ಹೆಂಗಸೊಬ್ಬಳು ಕರವಸ್ತ್ರ ನೋಡಿ, ಕೆನ್ನೆಗೆ ಕೈಯಿಟ್ಟುಕೊಂಡೇ ಹಿಂದಿರುಗಿದಳು. ಅವಳ ಹಿಂದಿದ್ದ ದಂಪತಿಗಳು ಮೆಟ್ಟಿಲೇ ಹತ್ತಲಿಲ್ಲ. ಕರೀರಿ ಮೀನಿನ ತೊಟ್ಟಿಯ ಹಿಂದೆ ನಿಂತು, ನಾವು ಯಾರೋ ಗೊತ್ತಿಲ್ಲವೆನ್ನುವ ಹಾಗೆ ಮೀನು ನೋಡುತ್ತಿದ್ದ. ಮೀನುಗಳೂ ಅವನ ಹಾಗೇ ಬಾಯಿ ಬಿಟ್ಟು ಮುಚ್ಚುತ್ತಿದ್ದವು, ಮಾತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ತಾವೇ ಹೊರಬಂದು, ಇಬ್ಬರನ್ನೂ ಕರೆದು ಹೊಸದಾಗಿ ಅಚ್ಚು ತೆಗೆದರು. ಈ ಸಲ ಫೋನು ಮುಟ್ಟಲಿಲ್ಲ.

ಹೊಸ ಹಲ್ಲು ಬಂದು ಕೆಲವು ದಿನಕ್ಕೆ ಅಳಿಯನ ಆಫೀಸಿನವರು ಮನೆಗೆ ಬಂದಿದ್ದರು. ಅವನು ಕಾಲಮೇಲೆ ಕಾಲು ಹಾಕಿಕೊಂಡು ಹೇಳುತ್ತಿದ್ದ: "ಆ ಡಾಕ್ಟರಿಗೆ ಸರಿಯಾಗಿ ಬೆವರಿಳಿಸಿದೆ. ನಾವು ಬಾಯಿ ಬಿಡದಿದ್ರೆ..."

ಅಕ್ಕ ಅವನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು. ಮಡಿಲಲ್ಲಿ ಹುರಿದ ಕಡಲೆಬೀಜದ ಡಬ್ಬಿ. ಒಂದನ್ನು ಬಾಯಿಗೆ ಹಾಕಿ ಕಟುಕ್ ಎಂದು ಕಡಿದಳು. ಅವನು ತಡೆದು ಮತ್ತೆ ಶುರುಮಾಡಿದ. ಮತ್ತೆ ಕಟುಕ್. ಮಗಳು ತಾಯಿಯನ್ನು ನೋಡಿದಳು, ಗಂಡನನ್ನು ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹೇಳಿ ಹೇಳಿ," ಅಂದಳು ಅಕ್ಕ. "ಮೀನಿನ ತೊಟ್ಟಿ ಹಿಂದಿನಿಂದ ಏನಂತ ಕೂಗಿದ್ರಿ?"

ಬಂದವರು ಇನ್ನೂ ಕೂತಿರುವಾಗಲೇ ಅವನು, "ಆಫೀಸಲ್ಲಿ ಅರ್ಜೆಂಟ್ ಕೆಲಸ ಇದೆ," ಎಂದು ಎದ್ದು ಹೊರಗೆ ಹೋದ. ಆವತ್ತು ಭಾನುವಾರ.