ಹೊಟ್ಟೆಯಡಿ ಏಳು ಜೊತೆ

ಅಂಗಡಿಯವ ಕೊಟ್ಟ ಹುಳದ ಪುಡಿ ಬೆರೆಸಿದ ನೀರು ಚಿಮುಕಿಸತೊಡಗಿ ಮೂರು ದಿನವಾಗಿತ್ತು. ಹುಳುಗಳು ಸಾಯುವ ಮಾತಿರಲಿ, ಇನ್ನಷ್ಟು ದುಂಡಗಾಗಿದ್ದವು. ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಸೊಸೆ ಬಿಳಿ ಗುಲಾಬಿಯ ಎಲೆಯೊಂದನ್ನು ಮಗುಚಿದಳು. ಅಂಚಿಗೆ ಸಾಲಾಗಿ ಕಚ್ಚಿಕೊಂಡಿದ್ದ ಐದು ಹಸಿರು ಹುಳುಗಳು ಒಟ್ಟಿಗೆ ಬಾಲ ಎತ್ತಿದವು, ಕೇಳೋಕೆ ನೀನ್ಯಾರು ಎಂಬಂತೆ.

ನಾಲ್ಕು ವರ್ಷ ಬರೀ ಮುಳ್ಳು ತೋರಿಸಿದ್ದ ಗಿಡ ಈ ಸಲ ಮೂರು ಮೊಗ್ಗು ಹೊತ್ತಿತ್ತು. ಅಣ್ಣನ ಮನೆಗೆ ಹೊರಟ ಅತ್ತೆ, "ಮನೆ ಹೇಗಾದ್ರೂ ಇರ್ಲಿ, ಇದನ್ನ ಮಾತ್ರ ನೋಡ್ಕೋ" ಎಂದಿದ್ದರು. ಮದುವೆಯಾದ ನಾಲ್ಕು ತಿಂಗಳಲ್ಲಿ ಅವರು ನಂಬಿ ಒಪ್ಪಿಸಿದ ಮೊದಲ ಕೆಲಸ. ನಾಳೆ ಸಂಜೆ ಬರುತ್ತಾರೆ. ಎರಡು ಮೊಗ್ಗು ಆಗಲೇ ಬಾಡಿ ಉದುರಿದ್ದವು.

ಗಂಡ ಕೆಲಸದ ಮೇಲೆ ಪರಊರಲ್ಲಿದ್ದ. ಫೋನಿನಲ್ಲಿ, "ಹುಳ ತಾನೆ, ಹೋಗುತ್ತೆ ಬಿಡು" ಎಂದು ಮುಗಿಸಿದ್ದ. ಉಳಿದವರು ಮಾವ. ಮನೆಯ ಮುಂದಿನ ಕೋಣೆಯಲ್ಲೇ ಅವರ ಗಡಿಯಾರ ರಿಪೇರಿ. ದಿನಕ್ಕೆ ಐದು ಮಾತು, ಅದರಲ್ಲಿ ಮೂರು "ಹ್ಞೂಂ". ಅವಳೂ ಅವರೆದುರು ಮಾತು ನುಂಗಿಕೊಂಡೇ ಓಡಾಡುತ್ತಿದ್ದಳು.

ಇವತ್ತು ಬೇರೆ ದಾರಿ ಕಾಣದೆ, ಒಂದು ಕೈಯಲ್ಲಿ ಹುಳುವಿದ್ದ ಮುಚ್ಚಳ, ಇನ್ನೊಂದರಲ್ಲಿ ಪುಡಿಯ ಜೊತೆ ಬಂದ ಚೀಟಿ ಹಿಡಿದು ಅವರ ಬಾಗಿಲಲ್ಲಿ ನಿಂತಳು.

"ಮಾವ, ಇದರ ಕಾಲು ಎಣಿಸಿಕೊಡ್ತೀರಾ?"

ಮಾವ ತಲೆ ಎತ್ತಿದರು. ಇಂಥ ರಿಪೇರಿಯನ್ನು ಇದುವರೆಗೆ ಯಾರೂ ತಂದಿರಲಿಲ್ಲ.

"ಚಿಟ್ಟೆ ಆಗೋ ಹುಳಕ್ಕೆ ಹೊಟ್ಟೆ ಕೆಳಗೆ ಐದು ಜೊತೆಗಿಂತ ಹೆಚ್ಚು ಕಾಲಿರಲ್ವಂತೆ. ಹೆಚ್ಚಿದ್ರೆ ಗರಗಸ ನೊಣ ಅಂತ ಬೇರೆ ಜಾತಿಯ ಮರಿ. ಅದಕ್ಕೆ ಈ ಪುಡಿ ತಾಗೋದೇ ಇಲ್ವಂತೆ. ಚೀಟಿ ಇವತ್ತು ಪೂರ್ತಿ ಓದಿದೆ."

ಮಾವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ, ಚಿಮಟದಿಂದ ಹುಳುವನ್ನು ಹೊರಳಿಸಿದರು. "ಆರು."

"ಆರಾ?"

"ತಾಳು, ಅಲುಗಾಡುತ್ತೆ. ಏಳು."

"ಎದೆ ಹತ್ರದ ಮೂರು ಜೊತೆ ಸೇರಿಸಿಲ್ಲ ತಾನೆ?"

"ನಲವತ್ತು ವರ್ಷದಿಂದ ಚಕ್ರದ ಹಲ್ಲು ಎಣಿಸ್ತಿದೀನಮ್ಮಾ. ಹೊಟ್ಟೆ ಕೆಳಗೇ ಏಳು. ಮೂರು ದಿನ ನೀನು ಇದಕ್ಕೆ ಸ್ನಾನ ಮಾಡಿಸಿದೀಯ, ಅಷ್ಟೇ."

ಅಂದವರೇ ಚಿಮಟ ಹಿಡಿದು ಹಿತ್ತಿಲಿಗೆ ನಡೆದರು. ಅವಳು ಸೋಪಿನ ನೀರಿನ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಳು. ಆದರೆ ಚಿಮಟದಿಂದ ಎತ್ತಿದ್ದೆಲ್ಲ ಪುಟ್ಟ ಡಬ್ಬಿಗೇ ಹೋಗಬೇಕೆಂಬುದು ಮಾವನ ಕೈಯ ರೂಢಿ. ಮೊದಲ ಐದು ಹುಳುಗಳನ್ನು ಜೇಬಿನ ಡಬ್ಬಿಯಲ್ಲಿ ಹಾಕಿ, ಮುಚ್ಚಿ, ಒಳಗೆ ಹೋಗಿ ಮೇಜಿನ ಮೇಲೆ ರಿಪೇರಿಯಾದ ವಾಚುಗಳ ಡಬ್ಬಿಗಳ ಸಾಲಿನಲ್ಲಿಟ್ಟು ಬಂದರು.

ಸ್ವಲ್ಪ ಹೊತ್ತಿಗೆ ಶಾಲೆಯ ಮೇಷ್ಟ್ರು ತಮ್ಮ ವಾಚು ಕೇಳಿಕೊಂಡು ಬಂದರು. ಮಾವ ಒಂದು ಡಬ್ಬಿ ಎತ್ತಿಕೊಟ್ಟರು. ಮೇಷ್ಟ್ರು ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು.

"ಇದು ನನ್ನ ವಾಚಲ್ಲ."

"ಅಲ್ಲ," ಮಾವ ಒಪ್ಪಿಕೊಂಡರು.

"ನಂದು ನಿಂತುಹೋಗಿತ್ತು. ಇವು ಚೆನ್ನಾಗೇ ಓಡ್ತಿವೆ."

ಒಳಬಾಗಿಲಲ್ಲಿ ನಿಂತಿದ್ದ ಸೊಸೆಗೆ ತಡೆಯಲಾಗಲಿಲ್ಲ. ಆ ಮನೆಯಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕುಬಿಟ್ಟಳು.

"ಯಾರದು ಹೀಗೆ ನಗೋದು?"

ಬೀದಿಬಾಗಿಲಲ್ಲಿ ಅತ್ತೆ. ಒಂದು ದಿನ ಮೊದಲೇ.

ಮೇಷ್ಟ್ರು ತಮ್ಮ ವಾಚು ತಾವೇ ಹುಡುಕಿಕೊಂಡು ಜಾರಿಕೊಂಡರು. ಅತ್ತೆ ಚೀಲವನ್ನು ಹೊಸ್ತಿಲ ಮೇಲೆ ಬಿಟ್ಟು ನೆಟ್ಟಗೆ ಹಿತ್ತಿಲಿಗೆ ಹೋದರು. ಜರಡಿಯಾದ ಎಲೆಗಳು, ಒಂಟಿ ಮೊಗ್ಗು.

"ಎರಡು ಹೋಯ್ತು ಅತ್ತೆ," ಎಂದಳು ಸೊಸೆ. "ಮೊದಲೇ ಚೀಟಿ ಓದ್ಬೇಕಿತ್ತು."

"ಅವಳ ತಪ್ಪಲ್ಲ ಕಣೇ," ಹಿಂದಿನಿಂದ ಮಾವ ಶುರು ಮಾಡಿದರು. "ಹೊಟ್ಟೆಯಡಿ ಏಳು ಜೊತೆ. ಎದೆ ಹತ್ರ ಮೂರು ಬೇರೆ. ಚಿಟ್ಟೆ ಜಾತಿಯೇ ಅಲ್ಲ ಅದು. ಪುಡಿ ಪಾಪ ಏನು ಮಾಡುತ್ತೆ? ಅಂಗಡಿಯವನಾದ್ರೂ ಕೇಳ್ಬೇಕಿತ್ತು, ಎಷ್ಟು ಕಾಲು ಅಂತ..."

ಅತ್ತೆ ಗಿಡ ಬಿಟ್ಟು ಗಂಡನನ್ನೇ ನೋಡುತ್ತ ನಿಂತರು. "ಇಷ್ಟು ಮಾತು ನನ್ನ ಹತ್ರ ಯಾವತ್ತಾದ್ರೂ ಆಡಿದ್ರಾ?"

ಮಾವ ಯೋಚಿಸಿದರು. "ನೀನು ಹುಳ ತಂದಿರ್ಲಿಲ್ಲ."

ಅತ್ತೆ ಸೊಸೆಯ ಪಕ್ಕ ಕೂತು, ಮೊಗ್ಗಿನ ಕೆಳಗಿನ ಎಲೆ ಮಗುಚಿದರು.

"ಇಲ್ಲೊಂದಿದೆ. ಬಟ್ಟಲು ಈ ಕಡೆ ಹಿಡಿ. ನೀವು ಆ ಕಡೆ ನೋಡ್ರಿ."

ಸಂಜೆಯ ಬಿಸಿಲು ಇಳಿಯುವವರೆಗೂ ಮೂವರೂ ಗಿಡದ ಸುತ್ತ ಕೂತೇ ಇದ್ದರು. ಬೀದಿಬಾಗಿಲು ಹಾರುಹೊಡೆದಿತ್ತು, ಹೊಸ್ತಿಲ ಮೇಲೆ ಚೀಲ ಒಂದು ಪಕ್ಕಕ್ಕೆ ವಾಲಿಕೊಂಡಿತ್ತು.