ಉಪ್ಪಿನ ಹೆಬ್ಬೆಟ್ಟು

ಮೀಟರಿನ ಅಂಕಿ ಮತ್ತೆ ಏರಿತು, ಏರಲಿ, ಇನ್ನಷ್ಟು ಏರಲಿ, ಅಕೆಯೊ ಸರೋವರದ ಕಡೆಯ ಕಿಟಕಿಗೆ ಮುಖ ತಿರುಗಿಸಿಕೊಂಡಳು, ನಗು ಬಂದರೆ ಕಷ್ಟ — ಬೆಳಿಗ್ಗೆ ನೆಕೆಸ ಕಟ್ಟಿದ ಈ ಬೋರ್ಡು ಕೆಲಸವಿಲ್ಲದೆ ನಿದ್ದೆಯಲ್ಲಿದ್ದಾಗ ಎಷ್ಟು ಕಡಿಮೆ ಕರೆಂಟು ಕುಡಿಯುತ್ತಿತ್ತೆಂದರೆ ಯಜಮಾನ ಒಕುಮು ಮೀಟರೇ ಕೆಟ್ಟಿದೆಯೆಂದು ತಟ್ಟಿ ನೋಡಿದ್ದ, ಒಂದೇ ಬ್ಯಾಟರಿಲಿ ವರ್ಷಗಟ್ಲೆ ಬರುತ್ತೆ ಕಣಮ್ಮ, ನಿನ್ನ ಕೈಯಲ್ಲಿ ಏನೋ ಇದೆ ಅಂತ ನೆಕೆಸಳಿಗೆ ಅಂದಿದ್ದ, ಅವಳ ಕೈಯಲ್ಲಂತೆ, ಮೀನಿನ ಬಲೆಗೂಡಿನ ನೀರಲ್ಲಿ ಆಮ್ಲಜನಕ ಇಳಿದರೆ ಫೋನಿಗೆ ಸುದ್ದಿ ಕಳಿಸುವ ಈ ಯಂತ್ರವನ್ನು ಕಿಸುಮುವಿನಲ್ಲಿ ಮೊದಲು ಕಟ್ಟಿದವಳು ಯಾರು, ಅಕೆಯೊ ತಾನೆ, ಇವಳು ಕಟ್ಟಿದ್ದು ಕರೆಂಟು ಹೆಚ್ಚು ಕುಡಿಯುತ್ತದೆ, ಕುಡಿಯಲಿ, ಆದರೆ ಬುಂಗೋಮಾದಿಂದ ನಿನ್ನೆ ಮೊನ್ನೆ ಬಂದ ಹುಡುಗಿ ಬೆಸುಗೆ ಕಡ್ಡಿ ಹಿಡಿಯುವುದನ್ನೂ ಇವಳಿಂದಲೇ ಕಲಿತು ಇವಳನ್ನೇ ಮೀರಿಸುವುದೆಂದರೆ — ಹೊಟ್ಟೆಕಿಚ್ಚು, ಹೌದು, ಬೇರೆ ಹೆಸರೇಕೆ, ಮಧ್ಯಾಹ್ನ ದಡದ ಅಂಗಡಿಯಲ್ಲಿ ಎಲ್ಲರೂ ಉಗಾಲಿ ಮುದ್ದೆ ಮುರಿದು ಹುರಿದ ಮೀನಿನ ಜೊತೆ ಬಾಯಿಗಿಡುತ್ತ ನೆಕೆಸಳನ್ನೇ ಹೊಗಳುತ್ತಿದ್ದರು, ಮರ್ಯಾದೆಯ ಪಾಲಾದ ಮೀನಿನ ತಲೆಯನ್ನೂ ಅವಳ ತಟ್ಟೆಗೇ ಹಾಕಿದರು, ಊಟವಾದ ಮೇಲೆ ಕೈಗೆ ನೀರು ಹುಯ್ಯುವವಳು ಬರುವ ತನಕವೂ ಕೂತಿರಲಾಗದೆ ಅಕೆಯೊ ಎಂಜಲು ಕೈಯಲ್ಲೇ ವರ್ಕ್‌ಶಾಪಿಗೆ ಎದ್ದು ಬಂದಳು, ಸುಮ್ಮನೆ ನೋಡೋಣವೆಂದು ಬೋರ್ಡನ್ನು ಎತ್ತಿಕೊಂಡಳು, ಹೆಬ್ಬೆಟ್ಟು ತಾಗಿತು, ಅದು ಕೈತಪ್ಪು, ಮತ್ತೆ ಒತ್ತಿದ್ದು? ಉಪ್ಪು, ಎಣ್ಣೆ, ಬೋರ್ಡಿನ ಮೇಲಿನ ಚಿಪ್‌ನ ಲೋಹದ ಕಾಲಿಂದ ಕಾಲಿಗೆ ಕಾಣದ ದಾರಿ, ಈ ಸೆಕೆಯಲ್ಲಿ ಕರೆಂಟು ಸೋರದೆ ಇರುತ್ತದೆಯೇ, ಅಕೆಯೊಗೆ ಗೊತ್ತಿಲ್ಲದ್ದೇ — ಯಾರಾದ್ರೂ ಮುಟ್ಟಿದ್ರಾ ಇದನ್ನ, ಒಕುಮು ಕೇಳುತ್ತಾನೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ತಾನಾಗಿ ಲಂಗಕ್ಕೆ ಒರೆಸಿಕೊಳ್ಳುತ್ತದೆ, ಯಾರೂ ನೋಡಲಿಲ್ಲ, ಸರಿ, ನಾಳೆ ಸರೋವರಕ್ಕೆ ಅಕೆಯೊ ಮಾಡಿದ್ದೇ ಹೋಗ್ಲಿ ಎಂದು ಅವನು ಎದ್ದು ಹೋದ, ಗೆದ್ದಳಲ್ಲ, ಬೇಕಾದದ್ದು ಸಿಕ್ಕಿತಲ್ಲ, ಮತ್ತೆ ಈ ಉರಿ ಆರಬಾರದೇ, ನೆಕೆಸ ಅಳುವುದಿಲ್ಲ, ಬೈದುಕೊಳ್ಳುವುದಿಲ್ಲ, ಅದೂ ಹೊಟ್ಟೆ ಉರಿಸುತ್ತದೆ, ತಪ್ಪು ನಂದೇ ಇರ್ಬೇಕು ಅಕ್ಕ, ನೀವು ಹೇಳ್ಕೊಟ್ಟಿದ್ದು ಏನೋ ಮರೆತಿದೀನಿ, ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತೆ, ಒಂದ್ಸಲ ನೋಡಿ ಎಂದು ಬೋರ್ಡನ್ನು ಭೂತಗನ್ನಡಿಯ ಕೆಳಗೆ ಇಟ್ಟು ದೀಪ ತಿರುಗಿಸುತ್ತಾಳೆ, ಬೇಡ ಅನ್ನುವುದು ಹೇಗೆ, ಬಗ್ಗಿದಳು — ತನ್ನದೇ ಹೆಬ್ಬೆಟ್ಟಿನ ಅಚ್ಚು, ಎಣ್ಣೆ ಮಿನುಗುವ ಸುತ್ತಿನೊಳಗೆ ಸುತ್ತು, ನಡುವೆ ಅಡ್ಡಕ್ಕೆ ಸುಟ್ಟ ಗೀರು, ನೆಕೆಸ ಕೆಲಸಕ್ಕೆ ಬಂದ ಮೊದಲ ವಾರ ಅವಳ ಕೈ ಮೇಲೆ ಬೀಳಲಿದ್ದ ಕಾದ ಕಡ್ಡಿಯನ್ನು ಇವಳು ಬರಿಗೈಲಿ ಹಿಡಿದಾಗಿನದು, ಆ ಗಾಯಕ್ಕೆ ಮುಲಾಮು ಹಚ್ಚಿದವಳು ನೆಕೆಸಳೇ, ದಿನಾ ಹಚ್ಚಿದವಳು — ಏನಾದ್ರೂ ಕಾಣಿಸ್ತಾ ಅಕ್ಕ, ಸ್ವಲ್ಪ ಸರ್ಕೊಳ್ಳಿ, ನಾನೂ ನೋಡ್ತೀನಿ, ಅವಳ ಉಸಿರು ಕೆನ್ನೆಗೆ ತಾಗುತ್ತಿದೆ, ಹೆಬ್ಬೆಟ್ಟು, ಸುತ್ತಿನೊಳಗೆ ಸುತ್ತು, ನಡುವೆ ಆ ಗೀರು, ಆ ಗೀರು